ಹನಿಗಳ ಲೆಕ್ಕ

ಆಂಗ್ಲ ಗದ್ಯವನ್ನು ಸ್ವಲ್ಪಮಟ್ಟಿಗಾದರೂ ಓದಿದವರಿಗೆ ಥಾಮಸ್ ಡಿ ಕ್ವಿನ್ಸಿಯ ಹೆಸರು ಹೊಸದಲ್ಲ. ಅಫೀಮು ತಿನ್ನುವವನೊಬ್ಬನ ತಪ್ಪೊಪ್ಪಿಗೆಯೆಂದು ತನ್ನ ಕಥೆಯನ್ನು ತಾನೇ ಹೇಳಿಕೊಂಡು ೧೮೨೧ರಲ್ಲಿ ಲಂಡನ್ನಿನ ಓದುಗರನ್ನು ಬೆರಗುಗೊಳಿಸಿದವನು ಅವನು. ನಾವು ಕಾಲೇಜಿನಲ್ಲಿ ಆ ಪುಸ್ತಕವನ್ನು ಓದಿದ್ದು ಅದರ ಕನಸುಗಳಿಗಾಗಿ, ಉದ್ದುದ್ದನೆಯ ವಾಕ್ಯಗಳ ನಾದಕ್ಕಾಗಿ. ಕೊನೆಗೆ ಅಂಟಿಕೊಂಡಿರುವ ಅನುಬಂಧವನ್ನು ಮೇಷ್ಟರೂ ಓದಿಸಲಿಲ್ಲ, ನಾವೂ ಹಾಳೆ ತಿರುವಿಹಾಕಿ ಮುಂದೆ ಹೋದೆವು. ಅಲ್ಲಿ ಕನಸೂ ಇಲ್ಲ, ನಾದವೂ ಇಲ್ಲ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆ ಒಂದು ತಾರೀಖು, ಅದರ ಮುಂದೆ ಒಂದು ಅಂಕಿ. ಇಷ್ಟು ವರ್ಷಗಳಾದ ಮೇಲೆ ಅದನ್ನು ಹುಡುಕಿ ತೆಗೆದು ಓದಿದೆನಾದರೆ ಅದು ಸಾಹಿತ್ಯಾಸಕ್ತಿಯಿಂದಲ್ಲ, ಮನೆಯಲ್ಲಿ ನಡೆದ ಒಂದು ಪ್ರಮಾದದಿಂದ.

ನಮ್ಮ ಸೋದರತ್ತೆಗೆ ಎಪ್ಪತ್ತು ದಾಟಿದೆ. ಅವರಿಗೆ ಸರ್ಪಸುತ್ತು ಎದ್ದಿತು. ಎಡಪಕ್ಕೆಯ ಮೇಲೆ ಅರ್ಧ ಡಾಬಿನಂತೆ ಸಾಲುಗುಳ್ಳೆ. ಹಾವಿನ ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ಹಳೆಯ ಮಾತು ಅವರಿಗೆ ಗೊತ್ತಿದ್ದುದರಿಂದ ದಿನವೂ ಕನ್ನಡಿ ಹಿಡಿದು ಅಳತೆ ನೋಡಿಕೊಳ್ಳುತ್ತಿದ್ದರು. ಚಿಕ್ಕಂದಿನಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಸ್ಸೇ ನರದ ಬುಡದಲ್ಲಿ ದಶಕಗಳ ಕಾಲ ಮಲಗಿದ್ದು, ಮುಪ್ಪಿನಲ್ಲಿ ಎದ್ದು ಆ ಒಂದು ನರದ ಹಾದಿಯನ್ನು ಹಿಡಿಯುತ್ತದೆ. ಆದ್ದರಿಂದ ಸಾಮಾನ್ಯವಾಗಿ ಮೈಯ ಒಂದೇ ಪಕ್ಕಕ್ಕೆ ನಿಲ್ಲುತ್ತದೆ, ತಲೆ ಬಾಲ ಕೂಡುವ ಪ್ರಸಂಗ ಬರುವುದಿಲ್ಲ ಎಂದು ವೈದ್ಯರು ಸಮಾಧಾನ ಹೇಳಿದರು. ಕೆಲವು ವಾರಗಳಲ್ಲಿ ಗುಳ್ಳೆ ಒಣಗಿತು. ಉರಿ ಮಾತ್ರ ಉಳಿಯಿತು. ಸೆರಗು ತಾಗಿದರೂ ಕೆಂಡ ತಾಗಿದಂತೆ. ಅದಕ್ಕೆ ಗ್ಯಾಬಪೆಂಟಿನ್ ಎಂಬ ಮಾತ್ರೆ ಬಂತು. ಮೆಲ್ಲನೆ ಏರಿಸುತ್ತ ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ೩೦೦ ಮಿಲಿಗ್ರಾಂ. ಉರಿ ತಗ್ಗಿತು. ಆದರೆ ನಡೆಯುವಾಗ ತಲೆ ತೂಗುವುದು, ಸಂಜೆಗೆ ಪಾದ ಊದುವುದು, ಹಗಲಲ್ಲೇ ಜೊಂಪು ಹತ್ತುವುದು ಶುರುವಾಯಿತು.

ಐದು ತಿಂಗಳಾದ ಮೇಲೆ, "ನೋವಿಲ್ಲವಲ್ಲ, ಇನ್ನೇಕೆ ಈ ಮತ್ತಿನ ಮಾತ್ರೆ? ಇವತ್ತಿಗೇ ಬಿಟ್ಟುಬಿಡಿ" ಎಂದು ಅಪ್ಪಣೆ ಕೊಟ್ಟವನು ನಾನೇ. ಎಂ.ಎ. ಪದವಿ ಮನುಷ್ಯನಿಗೆ ಕೊಡುವ ಧೈರ್ಯ ಅಷ್ಟಿಷ್ಟಲ್ಲ. ಎರಡನೆಯ ರಾತ್ರಿ ಅತ್ತೆಯವರಿಗೆ ನಿದ್ದೆ ಹೋಯಿತು. ಮೂರನೆಯ ದಿನ ಬೆವರು, ವಾಕರಿಕೆ, ಎದೆಬಡಿತ, ಕಾರಣವಿಲ್ಲದ ಭಯ. ಉರಿಯೂ ಮೊದಲಿಗಿಂತ ಜೋರಾಗಿ ಮರಳಿತು. "ಹಾವು ಮತ್ತೆ ಎದ್ದಿದೆ" ಎಂದು ಅವರು ಗೋಡೆಗೆ ಮುಖ ಮಾಡಿ ಮಲಗಿದರು. ವೈದ್ಯರ ಬಳಿ ಕರೆದೊಯ್ದಾಗ ಅವರು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಮಾತ್ರೆಯನ್ನು ಮತ್ತೆ ಹಿಡಿಸಿ, ಹಾವು ಎದ್ದಿಲ್ಲ, ಮಾತ್ರೆ ಒಮ್ಮೆಗೇ ನಿಂತದ್ದಕ್ಕೆ ಮೈ ಕೂಗುತ್ತಿದೆ ಎಂದು ಹೇಳಿ, ಒಂದು ಹಾಳೆಯ ಮೇಲೆ ತಾರೀಖು ಬರೆದು, ಅದರ ಮುಂದೆ ಅಂಕಿ ಬರೆದು ಕೊಟ್ಟರು. ಆ ಹಾಳೆಯನ್ನು ಕಂಡಾಗ, ಇಂಥದನ್ನು ಎಲ್ಲಿಯೋ ನೋಡಿದ್ದೇನಲ್ಲ ಎನ್ನಿಸಿತು.

ಡಿ ಕ್ವಿನ್ಸಿಯ ಕಥೆಯೂ ನೋವಿನಿಂದಲೇ ಆರಂಭವಾದದ್ದು. ೧೮೦೪ರಲ್ಲಿ, ಆಕ್ಸ್‌ಫರ್ಡಿನ ವಿದ್ಯಾರ್ಥಿಯಾಗಿದ್ದಾಗ, ಅವನು ಲಂಡನ್ನಿಗೆ ಬಂದಿದ್ದನು. ಹಲ್ಲುನೋವು ಬಂತು. ದಿನವೂ ತಣ್ಣೀರಿನಲ್ಲಿ ತಲೆ ತೊಳೆಯುವ ಪದ್ಧತಿ ತಪ್ಪಿದ್ದೇ ಇದಕ್ಕೆ ಕಾರಣವೆಂದು ಬಗೆದು, ಹಾಸಿಗೆಯಿಂದೆದ್ದು ತಲೆಯನ್ನು ತಣ್ಣೀರಿನಲ್ಲಿ ಅದ್ದಿ ಒದ್ದೆಗೂದಲಿನಲ್ಲಿಯೇ ಮಲಗಿದನು. ಬೆಳಗಾಗುವುದರೊಳಗೆ ಮುಖವನ್ನೂ ತಲೆಯನ್ನೂ ಹಿಂಡುವಂಥ ನೋವು. ಇಪ್ಪತ್ತು ದಿನ ಬಿಡುವಿಲ್ಲ. ಅವನು ಅದನ್ನು ವಾತದ ನೋವೆಂದು ಕರೆದನು. ಲಕ್ಷಣವನ್ನು ನೋಡಿದರೆ ಮುಖದ ನರಶೂಲೆಯೆಂದೇ ತೋರುತ್ತದೆ. ಇಪ್ಪತ್ತೊಂದನೆಯ ದಿನ, ಜಿನುಗುಮಳೆಯ ಭಾನುವಾರ, ಬೀದಿಯಲ್ಲಿ ಸಿಕ್ಕಿದ ಸಹಪಾಠಿಯೊಬ್ಬನು ಅಫೀಮಿನ ಹೆಸರು ಹೇಳಿದನು. ಆಕ್ಸ್‌ಫರ್ಡ್ ಬೀದಿಯ ಔಷಧದಂಗಡಿಯವನು ಲಾಡನಮ್ ಕೊಟ್ಟು, ಒಂದು ಶಿಲ್ಲಿಂಗಿಗೆ ತಾಮ್ರದ ಚಿಲ್ಲರೆಯನ್ನೂ ಮರದ ಡ್ರಾಯರಿನಿಂದ ಎಣಿಸಿ ಕೊಟ್ಟನಂತೆ.

ಲಾಡನಮ್ ಎಂದರೆ ಅಫೀಮನ್ನು ಮದ್ಯಸಾರದಲ್ಲಿ ಕರಗಿಸಿದ ದ್ರವ. ನಾವು ಪಾಯಸಕ್ಕೆ ಹಾಕುವ ಗಸಗಸೆ ನಿರಪರಾಧಿ. ಆ ಗಿಡದ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿ ಅಫೀಮಾಗುತ್ತದೆ. ಆ ಕಾಲದ ಇಂಗ್ಲೆಂಡಿನಲ್ಲಿ ಅದನ್ನು ಕೊಳ್ಳಲು ಚೀಟಿ ಬೇಕಿರಲಿಲ್ಲ. ಮಾರಾಟಕ್ಕೆ ಕಾನೂನಿನ ಕಟ್ಟು ಬಿದ್ದದ್ದು ೧೮೬೮ರಲ್ಲಿ. ಕೆಮ್ಮಿಗೆ, ಭೇದಿಗೆ, ಅಳುವ ಮಗುವಿಗೆ, ಎಲ್ಲಕ್ಕೂ ಅದೇ.

ಡಿ ಕ್ವಿನ್ಸಿ ಸುಮಾರು ಎಂಟು ವರ್ಷ ಅದನ್ನು ಆಗೀಗ ಮಾತ್ರ ತೆಗೆದುಕೊಂಡನು. ೧೮೧೩ರಲ್ಲಿ ಹೊಟ್ಟೆಯ ನೋವು ಮರಳಿದಾಗ ಅದು ದಿನದಿನದ ಅಡಿಗೆಯಾಯಿತು. ಉಬ್ಬರದ ಕಾಲದಲ್ಲಿ ಅವನ ದಿನದ ಪ್ರಮಾಣ ೮,೦೦೦ ಹನಿ. ಚಹದ ಚಮಚದಲ್ಲಿ ಎಂಬತ್ತು ಚಮಚ. ಅದನ್ನು ಒಮ್ಮೆ ೧,೦೦೦ ಹನಿಗೆ ಇಳಿಸಿದನು, ಮತ್ತೆ ಏರಿದನು, ಮತ್ತೆ ಇಳಿಸಿದನು. ೧೮೨೧ರಲ್ಲಿ ಪತ್ರಿಕೆಯಲ್ಲಿ ಕಥೆ ಬಂದಾಗ, ಈ ಮನುಷ್ಯ ಬಂಧನದಿಂದ ಬಿಡಿಸಿಕೊಂಡಿದ್ದಾನೆಂದೇ ಓದುಗರು ತಿಳಿದರು. ಹಾಗೆ ತಿಳಿಯಲೆಂದೇ ಅವನು ಬರೆದಿದ್ದನು. ಮರುವರ್ಷ, ಅದು ನಿಜವಲ್ಲವೆಂದು ಒಪ್ಪಿಕೊಳ್ಳಬೇಕಾಗಿ ಬಂದಾಗ ಹುಟ್ಟಿದ್ದು ನಾನು ಹೇಳಿದ ಆ ಅನುಬಂಧ. ಇಡೀ ತಪ್ಪೊಪ್ಪಿಗೆಯಲ್ಲಿ ನಿಜವಾದ ತಪ್ಪೊಪ್ಪಿಗೆ ಅದೊಂದೇ ಎಂದು ಈಗ ನನಗೆ ಅನ್ನಿಸುತ್ತದೆ.

ಲೆಕ್ಕ ಆರಂಭವಾಗುವುದು ೧೮೨೨ನೆಯ ಇಸವಿ ಜೂನ್ ೨೪, ಸೋಮವಾರ. ಅದಕ್ಕೆ ಮೊದಲು ಹಲವು ತಿಂಗಳಿಂದ ಅವನ ನಿತ್ಯದ ಪ್ರಮಾಣ ೧೭೦-೧೮೦ ಹನಿ. ಮೊದಲ ಮೂರು ದಿನ ಸುಮಾರು ೧೩೦. ನಾಲ್ಕನೆಯ ದಿನ ಒಮ್ಮೆಗೇ ೮೦ಕ್ಕೆ ಧುಮುಕಿದನು. ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಒಂದೇ ದಿನದಲ್ಲಿ ಕತ್ತರಿಸಿದ ಹಾಗಾಯಿತು. ಅಲ್ಲಿಂದ ಹತ್ತು ಹನ್ನೊಂದು ದಿನ ಎಂಬತ್ತು, ತೊಂಬತ್ತು, ನೂರು, ಮತ್ತೆ ಎಂಬತ್ತು. ಮೂರನೆಯ ವಾರದ ಸೋಮವಾರ ಇದ್ದಕ್ಕಿದ್ದಂತೆ ೩೦೦. ಮಾರನೆಯ ದಿನ ೫೦. ನಾಲ್ಕನೆಯ ವಾರ ಎಪ್ಪತ್ತರ ಆಸುಪಾಸಿನಲ್ಲಿ ಅರ್ಧ ಹನಿಯನ್ನೂ ಬಿಡದೆ ಲೆಕ್ಕ ಹಿಡಿದವನು ಭಾನುವಾರ ೩೫೦ಕ್ಕೆ ನೆಗೆದನು. ಮಾರನೆಯ ದಿನ ೬೦. ಅದರ ಮಾರನೆಯ ದಿನ ಸೊನ್ನೆ.

ಸುಮಾರು ಹತ್ತು ವರ್ಷಗಳಲ್ಲಿ ಅಫೀಮಿಲ್ಲದೆ ಬದುಕಿದ ಮೊದಲ ದಿನ ಅದು. ತೊಂಬತ್ತು ಗಂಟೆ ತಡೆದನು. ಆಮೇಲೆ ಎಷ್ಟು ಕುಡಿದನೆಂಬುದನ್ನು ಕೇಳಬೇಡಿರೆಂದು ಓದುಗರನ್ನು ಬೇಡಿಕೊಳ್ಳುತ್ತಾನೆ. ಆ ದಿನಗಳ ಉಪದ್ರವಗಳನ್ನೂ ಬರೆದಿಟ್ಟಿದ್ದಾನೆ: ನಿದ್ದೆಯಿಲ್ಲ, ಕುಳಿತಲ್ಲಿ ಕೂಡಲಾರದ ಚಡಪಡಿಕೆ, ಗಂಟೆಗಟ್ಟಲೆ ನಿಲ್ಲದ ಸೀನು. ಸೀನನ್ನು ಓದಿ ನಗು ಬರಬಹುದು. ಆದರೆ ಅಫೀಮು ಬಿಟ್ಟವರ ಮೂಗು ಕಣ್ಣು ಸುರಿಯುವುದನ್ನು ಇಂದಿನ ವೈದ್ಯಗ್ರಂಥಗಳೂ ಬಿಡುಗಡೆಯ ಲಕ್ಷಣಗಳಲ್ಲಿ ಸೇರಿಸುತ್ತವೆ. ಅವನು ನೋಡಿ ಬರೆದದ್ದು ಸರಿಯಾಗಿತ್ತು.

ಲೆಕ್ಕ ಸರಿ, ನಡೆ ತಪ್ಪು. ಇಳಿಯುವ ಮೆಟ್ಟಿಲು ಒಂದೊಂದೂ ಎಷ್ಟು ಎತ್ತರವಿರಬೇಕು, ಒಂದರ ಮೇಲೆ ಎಷ್ಟು ದಿನ ನಿಲ್ಲಬೇಕು ಎಂದು ಹೇಳಿಕೊಡುವವರು ಅವನಿಗೆ ಯಾರೂ ಇರಲಿಲ್ಲ. ಒಮ್ಮೆಗೇ ಬಿಡುವುದರ ಅಪಾಯ ತಿಳಿದಿರಲಿಲ್ಲವೆಂದಲ್ಲ. ೧೭೦೦ರಲ್ಲಿಯೇ ಜಾನ್ ಜೋನ್ಸ್ ಎಂಬ ವೈದ್ಯನು ಅಫೀಮಿನ ರಹಸ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ, ಬಹುಕಾಲ ಬಳಸಿದವರು ಥಟ್ಟನೆ ಬಿಟ್ಟರೆ ತಡೆಯಲಾರದ ಸಂಕಟಕ್ಕೂ ಸಾವಿಗೂ ಈಡಾಗಬಹುದೆಂದು ಎಚ್ಚರಿಸಿದ್ದನು. ಎಚ್ಚರಿಕೆ ಇತ್ತು, ಏಣಿ ಇರಲಿಲ್ಲ. ಕವಿ ಕೋಲ್‌ರಿಜ್ ಈ ವಿಷಯದಲ್ಲಿ ಡಿ ಕ್ವಿನ್ಸಿಗಿಂತ ಬುದ್ಧಿವಂತನೆನ್ನಬೇಕು. ೧೮೧೬ರಲ್ಲಿ ಹೈಗೇಟಿನ ವೈದ್ಯ ಜೇಮ್ಸ್ ಗಿಲ್‌ಮನ್ನನ ಮನೆಯನ್ನು ಸೇರಿ, ತನ್ನ ಪ್ರಮಾಣವನ್ನು ಅವನ ಕೈಗೊಪ್ಪಿಸಿ, ೧೮೩೪ರಲ್ಲಿ ಸಾಯುವವರೆಗೂ ಅಲ್ಲಿಯೇ ಉಳಿದನು. ಗುಟ್ಟಾಗಿ ಅಂಗಡಿಯಿಂದ ತರಿಸುತ್ತಿದ್ದುದೂ ಉಂಟು. ಆದರೂ ಅವನು ಬದುಕಿ, ಬರೆದು, ಮಾತಾಡಿದನು.

ಇತ್ತ ವೈದ್ಯರ ಹುಡುಕಾಟ ಬೇರೆ ದಿಕ್ಕಿನಲ್ಲಿ ನಡೆದಿತ್ತು. ನರಶೂಲೆಯೆಂಬುದು ಒಂದೇ ಜಾಗದಲ್ಲಿ ತಾನೆ? ಮದ್ದನ್ನು ಹೊಟ್ಟೆಗೇಕೆ ಹಾಕಬೇಕು, ನೋಯುವ ನರದ ಬಳಿಗೇ ಏಕೆ ಒಯ್ಯಬಾರದು? ೧೮೪೪ರಲ್ಲಿ ಡಬ್ಲಿನ್ನಿನ ಫ್ರಾನ್ಸಿಸ್ ರಿಂಡನು ಮುಖದ ನೋವಿನ ರೋಗಿಯೊಬ್ಬಳ ಚರ್ಮದಡಿಗೆ ಮಾರ್ಫೈನನ್ನು ಇಳಿಸಿದನು. ೧೮೫೩ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ಡನು ಟೊಳ್ಳು ಸೂಜಿಯ ಪಿಚಕಾರಿಯಿಂದ ಅದೇ ಕೆಲಸವನ್ನು ನರಶೂಲೆಯ ವೃದ್ಧೆಯೊಬ್ಬಳಿಗೆ ಮಾಡಿ, ೧೮೫೫ರಲ್ಲಿ ಪ್ರಕಟಿಸಿದನು. ಇಂದು ಮಗುವಿಗೆ ಲಸಿಕೆ ಹಾಕುವ ಸೂಜಿಯ ಹಿರಿಯಜ್ಜ ನರಶೂಲೆಯ ಮನೆಯಲ್ಲಿ ಹುಟ್ಟಿದವನು! ವುಡ್ಡನ ಹೆಂಡತಿಯೇ ಆ ಸೂಜಿಗೆ ಮೊದಲ ಬಲಿಯೆಂದು ಒಂದು ಕಥೆ ಎಲ್ಲೆಡೆ ಓಡಾಡುತ್ತದೆ. ಅದು ಕಟ್ಟುಕಥೆ, ಆಕೆ ಗಂಡ ಸತ್ತ ಮೇಲೂ ಬದುಕಿದ್ದಳು.

ಮದ್ದು ಚುಚ್ಚಿದ ಜಾಗದಲ್ಲಿಯೇ ಕೆಲಸ ಮಾಡುತ್ತದೆಂದು ವುಡ್ಡನು ನಂಬಿದ್ದನು. ಎಲ್ಲಿ ಚುಚ್ಚಿದರೂ ಅದು ಮೈಯೆಲ್ಲ ಹರಡುತ್ತದೆಂದು ಲಂಡನ್ನಿನ ಚಾರ್ಲ್ಸ್ ಹಂಟರನು ಕೆಲವೇ ವರ್ಷಗಳಲ್ಲಿ ತೋರಿಸಿಕೊಟ್ಟನು. ಆದರೂ ಹೊಟ್ಟೆಯ ಮೂಲಕ ಹೋಗದ ಅಫೀಮು ಹಸಿವನ್ನು ಹುಟ್ಟಿಸುವುದಿಲ್ಲವೆಂಬ ವಿಶ್ವಾಸ ಹಬ್ಬಿತು. ಹಳೆಯ ಮದ್ದಿನ ಪಾಪವೆಲ್ಲ ಹೊಸ ಸೂಜಿಯಲ್ಲಿ ತೊಳೆದುಹೋಯಿತೆಂದು ಲೋಕ ನಿಶ್ಚಿಂತವಾಯಿತು.

ಆ ನಿಶ್ಚಿಂತೆಯನ್ನು ಕದಡಿದವನು ಲೀಡ್ಸ್ ನಗರದ ವೈದ್ಯ ಕ್ಲಿಫರ್ಡ್ ಆಲ್‌ಬಟ್. ನಮ್ಮ ಮನೆಗಳಲ್ಲಿ ಜ್ವರ ನೋಡಲು ಇಟ್ಟುಕೊಳ್ಳುವ ಗಿಡ್ಡ ಥರ್ಮಾಮೀಟರನ್ನು ರೂಪಿಸಿದ ಮಹನೀಯನೇ ಅವನು. ೧೮೭೦ರಲ್ಲಿ ಬರೆದ ಲೇಖನದಲ್ಲಿ ಅವನು ತನ್ನ ರೋಗಿಗಳನ್ನೇ ಸಾಕ್ಷಿಗೆ ಕರೆದನು. ನರಶೂಲೆಗೆಂದು ಸೂಜಿ ಹಿಡಿದವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಚುಚ್ಚಿಸಿಕೊಂಡೂ ಗುಣದಿಂದ ಮೊದಲಿನಷ್ಟೇ ದೂರವಿದ್ದರು. ಸೂಜಿ ತಪ್ಪಿದರೆ ನೋವು ಇಮ್ಮಡಿ, ಬಿದ್ದರೆ ಶಾಂತಿ. ಹಾಗಾದರೆ ತಾನು ತಣಿಸುತ್ತೇನೆಂದು ಹೇಳಿಕೊಳ್ಳುವ ನೋವನ್ನೇ ಈ ಮದ್ದು ಸಾಕುತ್ತಿದೆಯೆ ಎಂಬುದು ಅವನ ಪ್ರಶ್ನೆ. ಆಲ್‌ಬಟ್ಟನು ಇದನ್ನು ತೀರ್ಪಾಗಿ ಹೇಳದೆ ಸಂದೇಹವಾಗಿ ಮುಂದಿಟ್ಟನು. ತಾನೂ ಆ ಸೂಜಿಯನ್ನು ಹಿಡಿದವನೆಂಬ ಸಂಕೋಚ ಆ ಬರಹದಲ್ಲಿದೆ. ಅತ್ತೆಯವರು "ಹಾವು ಮತ್ತೆ ಎದ್ದಿದೆ" ಎಂದಾಗ ನನ್ನ ತಲೆಗೆ ಹೊಳೆಯದಿದ್ದುದು ಇದೇ: ಮರಳಿ ಬಂದ ನೋವೆಲ್ಲ ಮರಳಿ ಬಂದ ರೋಗವಲ್ಲ.

ಇನ್ನು ಬಿಡಿಸುವ ಬಗೆ. ಬರ್ಲಿನ್ ಬಳಿಯ ತನ್ನ ಆಸ್ಪತ್ರೆಯಲ್ಲಿ ಎಡ್ವರ್ಡ್ ಲೆವಿನ್‌ಸ್ಟೈನನು, ೧೮೭೭ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ಮಾರ್ಫೈನಿಗೆ ಅಂಟಿಕೊಂಡವರನ್ನು ಕಾವಲಿನ ಕೋಣೆಯಲ್ಲಿಟ್ಟು ಒಮ್ಮೆಗೇ ನಿಲ್ಲಿಸಿಬಿಡುತ್ತಿದ್ದನು. ಪ್ರಾಣಕ್ಕೆ ಅಪಾಯವೆಂದು ಕಂಡಾಗ ಮಾತ್ರ ಅದೇ ಮಾರ್ಫೈನ್. ಇತರರು ಕ್ರಮಕ್ರಮವಾಗಿ ಇಳಿಸಬೇಕೆಂದರು. ಜರ್ಮನಿಯಲ್ಲಿ ಈ ವಾದ ಬಹುಕಾಲ ನಡೆಯಿತು. ಎರಡು ಪಕ್ಷದವರೂ ಒಂದು ಮಾತನ್ನು ಒಪ್ಪಿದಂತಾಯಿತು: ನಿಲ್ಲಿಸುವುದೂ ಒಂದು ಚಿಕಿತ್ಸೆ, ಅದಕ್ಕೂ ವೈದ್ಯ ಬೇಕು.

ಇಪ್ಪತ್ತನೆಯ ಶತಮಾನದಲ್ಲಿ ನರಶೂಲೆಯ ಮದ್ದು ಅನಿರೀಕ್ಷಿತವಾದ ಕಡೆಯಿಂದ ಬಂತು. ಅಪಸ್ಮಾರದ ಮದ್ದಿನ ಕಡೆಯಿಂದ. ಬಾಸೆಲ್ ನಗರದಲ್ಲಿ ೧೯೫೩ರಲ್ಲಿ ತಯಾರಾದ ಕಾರ್ಬಮಜೆಪೀನ್ ಮುಖದ ನರಶೂಲೆಗೆ ಗುಣ ಕೊಡುತ್ತದೆಂದು ಸ್ವೀಡನ್ನಿನ ಬ್ಲೋಮ್ ಎಂಬ ವೈದ್ಯರು ೧೯೬೨ರಲ್ಲಿ ವರದಿ ಮಾಡಿದರು. ಗ್ಯಾಬಪೆಂಟಿನ್ ಹುಟ್ಟಿದ್ದು ಎಪ್ಪತ್ತರ ದಶಕದಲ್ಲಿ, ಜರ್ಮನಿಯ ಫ್ರೈಬರ್ಗಿನ ಪ್ರಯೋಗಶಾಲೆಯಲ್ಲಿ. ಮಿದುಳಿನಲ್ಲಿ ಉದ್ರೇಕವನ್ನು ತಣಿಸುವ ಗ್ಯಾಬ ಎಂಬ ಸಹಜ ದ್ರವ್ಯವುಂಟು. ಅದರ ಅಚ್ಚಿನಲ್ಲಿಯೇ ಒಂದು ಕೃತಕ ದ್ರವ್ಯವನ್ನು ಮಾಡಿ ಮಿದುಳಿಗೆ ಕಳಿಸುವುದು ಅವರ ಉದ್ದೇಶ. ಮದ್ದು ಫಲಿಸಿತು, ಆದರೆ ಗ್ಯಾಬ ಕೂಡುವ ಗೂಡುಗಳಲ್ಲಿ ಅದು ಕೂಡಲೇ ಇಲ್ಲ! ಅದು ಹೋಗಿ ಕುಳಿತದ್ದು ನರತಂತುವಿನ ತುದಿಯ ಕ್ಯಾಲ್ಸಿಯಂ ಬಾಗಿಲಿನ ಒಂದು ಭಾಗದ ಮೇಲೆ. ಆ ಬಾಗಿಲಿನ ಓಡಾಟ ತಗ್ಗಿದರೆ ನೋವಿನ ಸುದ್ದಿ ಒಯ್ಯುವ ದ್ರವ್ಯಗಳ ಸುರಿತವೂ ತಗ್ಗುತ್ತದೆ. ಇದು ತಿಳಿದದ್ದು ೧೯೯೬ರಲ್ಲಿ. ಅಪಸ್ಮಾರಕ್ಕೆಂದು ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ೧೯೯೩ರ ಡಿಸೆಂಬರಿನಲ್ಲಿಯೇ.

ಅಲ್ಲಿಂದ ಮುಂದಿನದು ಔಷಧಶಾಸ್ತ್ರಕ್ಕಿಂತ ವ್ಯಾಪಾರದ ಕಥೆ. ಅನುಮತಿಯಿದ್ದುದು ಅಪಸ್ಮಾರಕ್ಕೆ, ಕಂಪನಿಯವರು ಪ್ರಚಾರ ಮಾಡಿದ್ದು ನೋವಿಗೆ, ಮನೋವ್ಯಾಧಿಗೆ, ಅರೆತಲೆನೋವಿಗೆ. ೧೯೯೬ರಲ್ಲಿ ಕೆಲಸಕ್ಕೆ ಸೇರಿದ ಡೇವಿಡ್ ಫ್ರಾಂಕ್ಲಿನ್ ಎಂಬ ವಿಜ್ಞಾನಿ ಕೆಲವೇ ತಿಂಗಳಲ್ಲಿ ಹೊರಬಂದು ಮೊಕದ್ದಮೆ ಹೂಡಿದರು. ೨೦೦೪ರಲ್ಲಿ ವಾರ್ನರ್-ಲ್ಯಾಂಬರ್ಟ್ ಕಂಪನಿ ತಪ್ಪೊಪ್ಪಿಕೊಂಡು ೪೩ ಕೋಟಿ ಡಾಲರ್ ತೆತ್ತಿತು. ಸರ್ಪಸುತ್ತಿನ ನಂತರದ ನೋವಿಗೆ ಈ ಮದ್ದು ಹಿಡಿಯುತ್ತದೆಂಬುದು ಸುಳ್ಳೇನೂ ಅಲ್ಲ. ೨೦೦೨ರಲ್ಲಿ ಅದಕ್ಕೆ ಸರಿಯಾದ ಅನುಮತಿಯೇ ದೊರೆತಿದೆ. ಆದರೆ ಬೇಕಾದವರಿಗೂ ಬೇಡವಾದವರಿಗೂ ಒಂದೇ ಸಮನೆ ಹಂಚಿದ ಮದ್ದಿನ ಗುಣದೋಷಗಳನ್ನು ತಿಳಿಯುವುದು ನಿಧಾನವಾಯಿತು. ಇದರ ತಂಗಿಯಂಥ ಪ್ರಿಗ್ಯಾಬಲಿನ್ ೨೦೦೪ರ ಕೊನೆಯಲ್ಲಿ ಬಂತು. ೨೦೧೯ರ ಏಪ್ರಿಲ್ ೧ರಿಂದ ಬ್ರಿಟನ್ನಿನಲ್ಲಿ ಎರಡೂ ನಿಯಂತ್ರಿತ ಔಷಧಗಳ ಪಟ್ಟಿಗೆ ಸೇರಿದವು. ಅದೇ ಡಿಸೆಂಬರಿನಲ್ಲಿ ಅಮೆರಿಕದ ಔಷಧ ಇಲಾಖೆ, ಅಫೀಮಿನ ಜಾತಿಯ ನೋವುಮದ್ದು ಅಥವಾ ನಿದ್ದೆಮಾತ್ರೆಯ ಜೊತೆಗೆ, ಇಲ್ಲವೆ ಶ್ವಾಸಕೋಶ ದುರ್ಬಲವಾದವರಿಗೆ ಮತ್ತು ವೃದ್ಧರಿಗೆ ಕೊಟ್ಟರೆ ಉಸಿರೇ ಕುಂದಬಹುದೆಂದು ಎಚ್ಚರಿಸಿತು.

ಗ್ಯಾಬಪೆಂಟಿನ್ ಅಫೀಮಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಹೇಳಿದ ಹಾಗೆ ತೆಗೆದುಕೊಂಡು ಹೇಳಿದ ಹಾಗೆ ಬಿಡುವ ಬಹುಮಂದಿಗೆ ಅದು ಉಪಕಾರಿಯೇ. ಆದರೆ ತಿಂಗಳುಗಟ್ಟಲೆ ಒಂದು ಭಾರ ತಟ್ಟೆಯ ಮೇಲಿದ್ದರೆ ನರಮಂಡಲ ಎದುರು ತಟ್ಟೆಗೆ ತಾನೂ ಭಾರ ಹಾಕಿಕೊಳ್ಳುತ್ತದೆ. ಒಂದನ್ನು ಥಟ್ಟನೆ ಎತ್ತಿದರೆ ಇನ್ನೊಂದು ಕುಸಿಯುತ್ತದೆ. ಅತ್ತೆಯವರ ಬೆವರು, ಭಯ, ನಿದ್ದೆಗೇಡು ಆ ಕುಸಿತ. ಕೆಲವರಿಗೆ, ಅದರಲ್ಲೂ ಅಪಸ್ಮಾರವಿರುವವರಿಗೆ, ಫಿಟ್ಸ್ ಕೂಡ ಬರಬಹುದು. ಆದ್ದರಿಂದಲೇ ಎಷ್ಟು ಕಡಿಮೆಯೆಂದರೂ ಒಂದು ವಾರದ ಅವಧಿಯಲ್ಲಿ ಇಳಿಸಬೇಕೆಂದು ಮದ್ದಿನ ಜೊತೆಯ ಕಾಗದದಲ್ಲಿಯೇ ಇದೆ. ಬಹುಕಾಲ ತೆಗೆದುಕೊಂಡವರಿಗೆ ವೈದ್ಯರು ವಾರಗಳನ್ನು, ಕೆಲವೊಮ್ಮೆ ತಿಂಗಳುಗಳನ್ನೇ ಕೊಡುತ್ತಾರೆ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ ೨೦೧೪ರಲ್ಲಿ ವೈದ್ಯರಿಗೆ ಕೊಟ್ಟ ಸಲಹೆಯಲ್ಲಿ, ಗ್ಯಾಬಪೆಂಟಿನ್ನಿನ ದಿನದ ಪ್ರಮಾಣವನ್ನು ನಾಲ್ಕು ದಿನಕ್ಕೊಮ್ಮೆ ೩೦೦ ಮಿಲಿಗ್ರಾಮಿಗಿಂತ ಹೆಚ್ಚು ಇಳಿಸಕೂಡದೆಂದೂ, ಪ್ರಿಗ್ಯಾಬಲಿನ್ನನ್ನು ವಾರಕ್ಕೆ ೫೦ರಿಂದ ೧೦೦ಕ್ಕಿಂತ ಹೆಚ್ಚಲ್ಲವೆಂದೂ ಹೇಳಿತು. ಅದು ಮೇಲಿನ ಮಿತಿ. ಯಾರಿಗೆ ಎಷ್ಟೆಂಬುದು ನೋಡುವ ವೈದ್ಯರಿಗೆ ಸೇರಿದ್ದು.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಈ ಮದ್ದು ಕರುಳಿನಲ್ಲಿ ಒಂದು ಇಕ್ಕಟ್ಟಾದ ದಾರಿಯಿಂದ ಒಳಗೆ ಹೋಗುತ್ತದೆ. ದಿನಕ್ಕೆ ೯೦೦ ಮಿಲಿಗ್ರಾಂ ನುಂಗಿದರೆ ಮೈಗೆ ಹತ್ತುವುದು ಶೇಕಡಾ ೬೦. ೩,೬೦೦ ನುಂಗಿದರೆ ಶೇಕಡಾ ೩೩. ಒಳಹೊಕ್ಕದ್ದು ಕರಗದೆ, ಮಾರ್ಪಡದೆ, ಹಾಗೆಯೇ ಮೂತ್ರಪಿಂಡದ ಮೂಲಕ ಹೊರಬೀಳುತ್ತದೆ. ಮುಪ್ಪಿನ ಮೂತ್ರಪಿಂಡ ಸೋಮಾರಿಯಾದರೆ ಅಲ್ಲಿಯೇ ಉಳಿದು ತೂಕಡಿಕೆಯನ್ನೂ ತೂರಾಟವನ್ನೂ ಹೆಚ್ಚಿಸುತ್ತದೆ. ಹೀಗಿರುವಲ್ಲಿ ೩,೬೦೦ರಿಂದ ೩೦೦ ಕಳೆಯುವುದೂ, ೬೦೦ರಿಂದ ೩೦೦ ಕಳೆಯುವುದೂ ಒಂದೇ ಲೆಕ್ಕವಲ್ಲ. ಒಂದು ಹನ್ನೆರಡನೆಯ ಒಂದು ಪಾಲು, ಇನ್ನೊಂದು ಅರ್ಧ. ಕೆಳಗಿನ ಮೆಟ್ಟಿಲುಗಳೇ ಎತ್ತರ. ಡಿ ಕ್ವಿನ್ಸಿ ೮,೦೦೦ದಿಂದ ನೂರಾರಕ್ಕೆ ಇಳಿದವನು ಅರವತ್ತರಿಂದ ಸೊನ್ನೆಗೆ ಇಳಿಯಲಾರದೆ ಮುಗ್ಗರಿಸಿದನು.

ಅವನು ೧೮೫೯ರ ಡಿಸೆಂಬರಿನಲ್ಲಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಎಡಿನ್‌ಬರೋದಲ್ಲಿ ತೀರಿಕೊಂಡನು. ವುಡ್ಡನು ಸೂಜಿ ಹಿಡಿದ ಊರಿನಲ್ಲಿಯೇ. ಅಫೀಮು ಕೊನೆಯವರೆಗೂ ಪೂರ್ತಿ ಬಿಡಲಿಲ್ಲ.

ಅತ್ತೆಯವರ ಹಾಳೆಯನ್ನು ದೇವರ ಮನೆಯ ಬಾಗಿಲಿಗೆ ಅಂಟಿಸಿದೆವು. ೯೦೦ರಿಂದ ೮೦೦, ಎರಡು ವಾರ ಅಲ್ಲಿ, ಆಮೇಲೆ ೭೦೦. ಒಮ್ಮೆ ನಿದ್ದೆ ಕೆಟ್ಟಾಗ ವೈದ್ಯರು ಮುಂದಿನ ಮೆಟ್ಟಿಲನ್ನು ಒಂದು ವಾರ ಮುಂದೂಡಿದರು. ಕೊನೆಯ ನೂರರ ಮೇಲೆ ಒಂದು ತಿಂಗಳು ನಿಂತೆವು. ಪಾದದ ಊತ ಇಳಿದಿದೆ, ಉರಿ ಇದ್ದರೂ ಸೆರಗು ಹೊದೆಯುವಷ್ಟಿದೆ. ದಿನ ಕಳೆದಂತೆ ತಾರೀಖಿನ ಮುಂದೆ ಅವರೇ ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದರು. ಸೊನ್ನೆ ಬಂದ ದಿನ ನಾನು ಕಾಲೇಜಿನಿಂದ ಬಂದು ನೋಡಿದರೆ ಹಾಳೆ ಬಾಗಿಲಿನಲ್ಲಿರಲಿಲ್ಲ. ಮಡಿಸಿ, ಪಂಚಾಂಗದೊಳಗೆ ಇಟ್ಟಿದ್ದರು.